ಹೊಸ ಲಿಪ್‌ಸ್ಟಿಕ್ಕಿಗೆ ಚಿನ್ನದ ಉಂಗುರದ ಪರೀಕ್ಷೆ ಬೇಡ

ರಾಜ್ಯೋತ್ಸವ ಹತ್ತಿರ ಬಂತೆಂದರೆ ಬ್ರಾಂಪ್ಟನ್, ಮಿಸ್ಸಿಸಾಗದ ನಮ್ಮ ಮನೆಗಳಲ್ಲಿ ಮಕ್ಕಳ ಡ್ಯಾನ್ಸಿನ ತಯಾರಿ ಜೋರು. ಗೆಜ್ಜೆ, ಜಡೆ, ಸರದ ಜೊತೆಗೆ ಒಂದು ಹೊಸ ಲಿಪ್‌ಸ್ಟಿಕ್ಕೂ ಬರುತ್ತದೆ. ಎಷ್ಟೋ ಸಲ ಅದರ ಮುಚ್ಚಳ ತೆಗೆಯುವುದೇ ಗ್ರೀನ್‌ರೂಮಿನಲ್ಲಿ. ಸಾಫ್ಟ್‌ವೇರ್ ಟೆಸ್ಟಿಂಗಿನಿಂದ ಹೊಟ್ಟೆ ಹೊರೆಯುವ ನನಗೆ ಇದು ಪರೀಕ್ಷೆಯೇ ಮಾಡದ ಪ್ರೋಗ್ರಾಮನ್ನು ಗಿರಾಕಿಯ ಕೈಗಿತ್ತಂತೆ ಕಾಣುತ್ತದೆ.

ಮೊದಲು ಉಂಗುರದ ಕಥೆ ಮುಗಿಸೋಣ. ಲಿಪ್‌ಸ್ಟಿಕ್ಕನ್ನು ಕೈಮೇಲೆ ಹಚ್ಚಿ ಚಿನ್ನದ ಉಂಗುರದಿಂದ ಉಜ್ಜಿ, ಕಪ್ಪಾದರೆ ಸೀಸ ಇದೆ ಎನ್ನುವ ಇ-ಮೇಲ್ 2003ರಲ್ಲೇ ಊರೆಲ್ಲ ಸುತ್ತಿತ್ತು. ಈಗ ಅದೇ ವಾಟ್ಸಾಪಿನಲ್ಲಿ ಬರುತ್ತದೆ. ಅದು ಸುಳ್ಳು. ಸೀಸ ಇಲ್ಲದಿದ್ದರೂ ಲೋಹ ಉಜ್ಜಿದಾಗ ಕಪ್ಪು ಗೆರೆ ಬೀಳಬಹುದು. ಅಮೆರಿಕದ ಎಫ್‌ಡಿಎ 400 ಲಿಪ್‌ಸ್ಟಿಕ್‌ಗಳನ್ನು ಲ್ಯಾಬಿನಲ್ಲಿ ಅಳೆದಾಗ ಸಿಕ್ಕ ಸೀಸ ಹತ್ತು ಲಕ್ಷ ಭಾಗದಲ್ಲಿ ಸರಾಸರಿ 1.11 ಭಾಗ, ಅತಿ ಹೆಚ್ಚೆಂದರೆ 7.19. ಹೆಲ್ತ್ ಕೆನಡಾದ ಮಿತಿ 10. ಇಷ್ಟು ಸಣ್ಣ ಪ್ರಮಾಣ ಉಂಗುರಕ್ಕೆ ತಿಳಿಯುವುದಿಲ್ಲ. ಆದರೆ ಲೇಬಲ್ಲೇ ಇಲ್ಲದ ಸರಕು ಯಾರು ತಂದುಕೊಟ್ಟರೂ ಮಕ್ಕಳ ತುಟಿಗೆ ಬೇಡ.

ಮನೆಯಲ್ಲಿ ನಾವು ನೋಡಬೇಕಾದದ್ದು ಅಲರ್ಜಿ. ಮೊದಲು ಲೇಬಲ್ ಓದಿ. 2006ರ ನವೆಂಬರ್‌ನಿಂದ ಕೆನಡಾದಲ್ಲಿ ಪ್ರಸಾಧನಗಳ ಮೇಲೆ ಒಳಗಿರುವ ವಸ್ತುಗಳ ಪಟ್ಟಿ ಕಡ್ಡಾಯ. ಪಟ್ಟಿಯಲ್ಲಿ ‘ರಿಸಿನಸ್ ಕಮ್ಯೂನಿಸ್’ ಎಂದಿದ್ದರೆ ಗಾಬರಿ ಬೇಡ, ಅದು ನಮ್ಮ ಹರಳೆಣ್ಣೆ! ಅಜ್ಜಿ ನೆತ್ತಿಗೆ ತಟ್ಟುತ್ತಿದ್ದ ಅದೇ ಎಣ್ಣೆ ಕೆಲವರ ತುಟಿಗೆ ಮಾತ್ರ ಆಗಿಬರುವುದಿಲ್ಲ. ಹಾಗಾಗಿ ‘ನ್ಯಾಚುರಲ್’ ಎಂಬ ಪದವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಪರಿಮಳದ ವಸ್ತುಗಳು, ಕುರಿಯ ಉಣ್ಣೆಯಿಂದ ಬರುವ ಲ್ಯಾನೋಲಿನ್ ಕೂಡ ಕೆಲವರಿಗೆ ತೊಂದರೆ ಕೊಡುತ್ತವೆ. ಸಸ್ಯಾಹಾರಿಗಳಿಗೆ ಇನ್ನೊಂದು ಮಾತು: ‘ಕಾರ್ಮೈನ್’ ಅಥವಾ ‘ಸಿಐ 75470’ ಎಂಬ ಕೆಂಪು ಬಣ್ಣ ಒಂದು ಜಾತಿಯ ಕೀಟದಿಂದ ತೆಗೆದದ್ದು. ತುಟಿಗೆ ಹಚ್ಚಿದ್ದು ಸ್ವಲ್ಪವಾದರೂ ಹೊಟ್ಟೆಗೆ ಹೋಗುತ್ತದಲ್ಲ!

ಇನ್ನು ನಿಜವಾದ ಪರೀಕ್ಷೆ. ಅಂಗಡಿಯಲ್ಲಿ ಮುಂಗೈ ಮೇಲೆ ಎಳೆದ ಗೆರೆ ಬಣ್ಣವನ್ನಷ್ಟೇ ಹೇಳುತ್ತದೆ. ಮನೆಯಲ್ಲಿ ಮೊಣಕೈಯ ಒಳಮಡಿಕೆಯಲ್ಲಿ ನಾಣ್ಯದಗಲ ಜಾಗಕ್ಕೆ ದಿನಕ್ಕೆ ಎರಡು ಸಲ, ಏಳರಿಂದ ಹತ್ತು ದಿನ ಹಚ್ಚಿ. ಪ್ರತಿಸಲ ಅದೇ ಜಾಗ. ಇಷ್ಟು ದಿನ ಯಾಕೆಂದರೆ ಇಂಥ ಅಲರ್ಜಿ ತಕ್ಷಣ ಕಾಣಬೇಕೆಂದಿಲ್ಲ, ಎರಡು ಮೂರು ದಿನ ಬಿಟ್ಟು ತುರಿಕೆ ಶುರುವಾಗಬಹುದು. ಕೆಂಪಾದರೆ, ಗುಳ್ಳೆ ಎದ್ದರೆ ತೊಳೆದು ಅಲ್ಲಿಗೇ ನಿಲ್ಲಿಸಿ. ಆ ವಾರ ಹೊಸ ಸೋಪು, ಹೊಸ ಕ್ರೀಮು ಶುರುಮಾಡಬೇಡಿ. ಒಂದೇ ಸಲ ಎರಡು ಬದಲಾವಣೆ ಮಾಡಿದರೆ ತಪ್ಪು ಯಾವುದರದ್ದೆಂದು ದೇವರಿಗೂ ಗೊತ್ತಾಗದು. ನಮ್ಮ ಆಫೀಸಿನಲ್ಲೂ ಇದೇ ಕಥೆ.

ಕೈ ಪಾಸಾದರೂ ತುಟಿಯ ಚರ್ಮ ಬಹಳ ತೆಳು. ಆದ್ದರಿಂದ ರಜೆಯ ದಿನ ಮನೆಯಲ್ಲಿ ತೆಳುವಾಗಿ ಹಚ್ಚಿ ನೋಡಿ. ನವೆಂಬರ್ ಚಳಿಗೆ, ಹೀಟರಿನ ಒಣಗಾಳಿಗೆ ತುಟಿ ಒಡೆದಿದ್ದರೆ ಏನು ಹಚ್ಚಿದರೂ ಉರಿಯುತ್ತದೆ. ಮೊದಲು ಬರೀ ವ್ಯಾಸಲೀನ್ ಹಚ್ಚಿ ವಾಸಿಮಾಡಿಕೊಳ್ಳಿ. ತುರಿಕೆ, ಸಿಪ್ಪೆ ಏಳುವುದು ನಿಲ್ಲದಿದ್ದರೆ ಲಿಪ್‌ಸ್ಟಿಕ್ಕನ್ನು ಅದರ ಡಬ್ಬಿ ಸಮೇತ ಫ್ಯಾಮಿಲಿ ಡಾಕ್ಟರಿಗೆ ತೋರಿಸಿ. ತುಟಿ, ನಾಲಿಗೆ ಊದಿ ಉಸಿರಾಟಕ್ಕೆ ಕಷ್ಟವಾದರೆ ತಡಮಾಡದೆ 911.

ಗ್ರೀನ್‌ರೂಮಿನಲ್ಲಿ ಒಂದೇ ಕಡ್ಡಿಯನ್ನು ಹತ್ತು ಮಕ್ಕಳ ತುಟಿಗೆ ತಿಕ್ಕುವುದನ್ನಂತೂ ಈ ವರ್ಷ ಬಿಟ್ಟುಬಿಡೋಣ. ಒಬ್ಬರ ತುಟಿಯ ಹರ್ಪಿಸ್ ವೈರಸ್ ಇನ್ನೊಬ್ಬರಿಗೆ ಹಾಗೆ ದಾಟಬಹುದು. ಚಾಕುವಿನ ತುದಿಯಲ್ಲಿ ಸ್ವಲ್ಪ ಸ್ವಲ್ಪ ತೆಗೆದು ತಟ್ಟೆಗೆ ಹಾಕಿ, ಮಗುವಿಗೊಂದು ಹೊಸ ಕಿವಿಕಡ್ಡಿಯಲ್ಲಿ ಹಚ್ಚಿದರಾಯಿತು.