ಒಂದೇ ನಂಬರಿನಲ್ಲಿ ತಪ್ಪಿಹೋಯ್ತು!

ಲಾಟರಿ ಎಂದರೇನು? ತುಂಬಾ ಜನ ಸ್ವಲ್ಪ ಸ್ವಲ್ಪ ಹಣ ಹಾಕುತ್ತಾರೆ. ಅದರಲ್ಲಿ ಒಂದು ಪಾಲು ನಂಬರು ಹೊಡೆದ ಕೆಲವರಿಗೆ ಬಹುಮಾನ. ಉಳಿದದ್ದು ನಡೆಸುವವರಿಗೆ, ಮಾರುವವರಿಗೆ. ನಮ್ಮ ದೇಶದಲ್ಲಿ ಮೊದಲು ಸರ್ಕಾರಿ ಲಾಟರಿ ಶುರು ಮಾಡಿದ್ದು ಕೇರಳ, 1967ರಲ್ಲಿ. ಆಗ ಟಿಕೆಟ್ಟಿಗೆ 1 ರೂಪಾಯಿ, ಮೊದಲ ಬಹುಮಾನ 50,000 ರೂಪಾಯಿ. ಕರ್ನಾಟಕದಲ್ಲಿ ಲಾಟರಿಯನ್ನು 2007ರಲ್ಲಿ ನಿಷೇಧಿಸಲಾಯಿತು.

ಈಗ ಚಿಕ್ಕ ಲೆಕ್ಕ ಮಾಡೋಣ. 100 ಚೀಟಿ ಇವೆ, ಒಂದಕ್ಕೆ 1 ರೂ., ಬಹುಮಾನ 50 ರೂ. ಎಲ್ಲಾ ಚೀಟಿ ನಾನೇ ಕೊಂಡರೆ ಬಹುಮಾನ ಖಂಡಿತ ನನಗೇ. ಆದರೂ 50 ರೂ. ನಷ್ಟ! ಜಾಸ್ತಿ ಕೊಂಡರೆ ಲಾಭ ಅನ್ನೋ ಮಾತು ಇಲ್ಲೇ ಬಿದ್ದುಹೋಯಿತು.

ಆರು ಅಂಕಿಯ ಲಾಟರಿಯಲ್ಲಿ 000000ದಿಂದ 999999ರವರೆಗೆ 10 ಲಕ್ಷ ನಂಬರು. ದಿನಕ್ಕೊಂದರಂತೆ ಅಷ್ಟನ್ನೂ ಕೊಳ್ಳಲು ಸುಮಾರು 2,740 ವರ್ಷ ಬೇಕು!

ಹಾಗಾದರೆ ಜನ ಯಾಕೆ ಆಡುತ್ತಾರೆ? ದಡ್ಡರು ಅಂತಲ್ಲ. ಕೂಲಿ ದುಡ್ಡು ಎಷ್ಟು ಉಳಿಸಿದರೂ ಮನೆ ಕಟ್ಟಲು ಸಾಲದು ಎಂದು ಕಂಡವರಿಗೆ ಆ ಟಿಕೆಟ್ಟೇ ಒಂದು ಆಸೆ. ಇನ್ನೊಂದು, ಗೆದ್ದವರ ಸುದ್ದಿ ಮಾತ್ರ ಊರೆಲ್ಲಾ ಹರಡುತ್ತದೆ. 2024ರಲ್ಲಿ ಕೇರಳದ ಓಣಂ ಬಂಪರ್ 25 ಕೋಟಿ ರೂ. ಮಂಡ್ಯ ಜಿಲ್ಲೆಯವರೊಬ್ಬರಿಗೆ ಬಂತು. ಆ ಸಲ 500 ರೂಪಾಯಿಯ 71 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಾಟವಾಗಿದ್ದವು. ಏನೂ ಬಾರದವರ ಸುದ್ದಿ ಯಾರು ಹಾಕುತ್ತಾರೆ?

ಮೂರನೆಯದೇ ದೊಡ್ಡ ಮೋಸ. ನಮ್ಮ ತಾತ ಈಗಲೂ, 'ಆವತ್ತು ಒಂದೇ ನಂಬರಿನಲ್ಲಿ ತಪ್ಪಿಹೋಯ್ತು' ಅಂತಾರೆ. ಆಮೇಲೆ ವಾರ ವಾರವೂ ಸಂತೆ ದುಡ್ಡಿನಲ್ಲಿ ಟಿಕೆಟ್ ತಂದರಂತೆ. ಸಂತೆ ಚೀಲ ಅರ್ಧವೇ ತುಂಬುತ್ತಿತ್ತು ಅಂತಾರೆ ಅಜ್ಜಿ. ನಾನು ಲೆಕ್ಕ ಹಾಕಿ ನೋಡಿದೆ. ಬಹುಮಾನದ ನಂಬರು 482913 ಎಂದಿಟ್ಟುಕೊಳ್ಳಿ. ಒಂದು ಸ್ಥಾನದ ಅಂಕಿ ಮಾತ್ರ ಬೇರೆಯಾಗಲು 9 ದಾರಿ. ಆರು ಸ್ಥಾನಕ್ಕೆ 6 × 9 = 54. ಅಂದರೆ ಒಬ್ಬ ಗೆದ್ದರೆ 54 ಟಿಕೆಟ್ಟುಗಳು 'ಒಂದೇ ನಂಬರಿನಲ್ಲಿ' ತಪ್ಪುತ್ತವೆ! ಅವರೆಲ್ಲಾ 'ಮುಂದಿನ ಸಲ ಬಂದೇ ಬರುತ್ತೆ' ಅಂದುಕೊಳ್ಳುತ್ತಾರೆ. ಆದರೆ ಮುಂದಿನ ಡ್ರಾಗೆ ಹಿಂದಿನದು ನೆನಪಿರುವುದಿಲ್ಲ. ಮತ್ತೆ 10 ಲಕ್ಷದಲ್ಲಿ ಒಂದೇ. ಹತ್ತಿರ ಬಂದದ್ದು ಕಣ್ಣಿಗೆ ಮಾತ್ರ, ಲೆಕ್ಕದಲ್ಲಿ ಅಲ್ಲ.

ನಿಮಗೊಂದು ಲೆಕ್ಕ: ಮೂರು ಅಂಕಿಯ ಲಾಟರಿಯಲ್ಲಿ ಒಂದೇ ಅಂಕಿ ತಪ್ಪುವ ಟಿಕೆಟ್ಟುಗಳು ಎಷ್ಟು? ಉತ್ತರವನ್ನು ಕೆಳಗಿನ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ಬರೆಯಿರಿ.