ದೂರದರ್ಶನ: ಎಷ್ಟು ದೂರದಿಂದ ದರ್ಶನ?

ಟಿ.ವಿ.ಯ ಹತ್ತಿರ ಕುಳಿತರೆ ಕಣ್ಣು ಕೆಡುತ್ತದೆಂದು ಹಿರಿಯರು ಮಕ್ಕಳನ್ನು ಗದರಿಸುವುದು ವಾಡಿಕೆ. ಈ ಭಯಕ್ಕೆ ಹಿಂದೊಮ್ಮೆ ಕಾರಣವೂ ಇತ್ತು. 1967ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಕೆಲವು ಕಲರ್ ಟಿ.ವಿ.ಗಳಿಂದ ಮಿತಿಮೀರಿ ಕ್ಷಕಿರಣ ಸೂಸುತ್ತಿರುವುದು ಪತ್ತೆಯಾಗಿ, ಅವುಗಳನ್ನು ಹಿಂಪಡೆಯಲಾಯಿತು. ಇಂದಿನ ಎಲ್‌ಇಡಿ ಪರದೆಯಲ್ಲಿ ಆ ಬಗೆಯ ಚಿತ್ರನಳಿಕೆಯೇ ಇಲ್ಲ. ಆದುದರಿಂದ ಆ ಅಪಾಯವೂ ಇಲ್ಲ.

ಹಾಗಾದರೆ ಯೋಗ್ಯವಾದ ದೂರವೆಷ್ಟು? ಟಿ.ವಿ.ಯ ಅಳತೆಯೆಂದರೆ ಪರದೆಯ ಮೂಲೆಯಿಂದ ಎದುರು ಮೂಲೆಗಿರುವ ಉದ್ದ. ಅದನ್ನು 1.6ರಿಂದ ಗುಣಿಸಿದಷ್ಟು ದೂರದಲ್ಲಿ ಕುಳಿತರೆ ಚಿತ್ರವು ನಮ್ಮ ನೋಟದಲ್ಲಿ ಸುಮಾರು 30 ಡಿಗ್ರಿಯಷ್ಟು ವ್ಯಾಪಿಸಿ, ಕತ್ತು ತಿರುಗಿಸದೆ ಪೂರ್ತಿಯಾಗಿ ಕಾಣುತ್ತದೆ. 32 ಅಂಗುಲದ ಟಿ.ವಿ.ಗೆ ಇದು ಸುಮಾರು 4¼ ಅಡಿ. 43 ಅಂಗುಲಕ್ಕೆ 5¾ ಅಡಿ. 55 ಅಂಗುಲಕ್ಕೆ 7⅓ ಅಡಿ. ಆದರೆ 1366×768 ಚುಕ್ಕೆಗಳಷ್ಟೇ ಇರುವ 32 ಅಂಗುಲದ ಟಿ.ವಿ.ಯಾದರೆ 6 ಅಡಿ ದೂರವೇ ಲೇಸು. ಹತ್ತಿರದಿಂದ ಚುಕ್ಕೆಗಳು ಬಿಡಿಬಿಡಿಯಾಗಿ ತೋರುತ್ತವೆ. ಹೆಡತಲೆಯಂತಹ ಗ್ರಾಮಗಳಲ್ಲಿ ನಡುಮನೆ 8 ಅಡಿ ಅಗಲವಿದ್ದರೆ 43 ಅಂಗುಲದ ಟಿ.ವಿ. ಧಾರಾಳವಾಗಿ ಸಾಕು.

ಎತ್ತರವೂ ಮುಖ್ಯ. ನೆಲದ ಮೇಲೆ ಚಾಪೆ ಹಾಸಿ ನೋಡುವ ಮನೆಯಲ್ಲಿ ಟಿ.ವಿ.ಯನ್ನು ಅಟ್ಟದ ಸಮಕ್ಕೆ ತೂಗುಹಾಕಿದರೆ ಕತ್ತು ನೋಯುತ್ತದೆ. ಪರದೆಯ ನಡುಭಾಗವು ಕುಳಿತವರ ಕಣ್ಣಿನ ಮಟ್ಟಕ್ಕಿರಲಿ. ಕೋಣೆಯ ದೀಪವನ್ನು ಆರಿಸದಿರಿ.

ಟಿ.ವಿ.ಗಿಂತ ಹೆಚ್ಚು ಎಚ್ಚರ ಬೇಕಾಗಿರುವುದು ಮೊಬೈಲಿನ ವಿಷಯದಲ್ಲಿ. ಗೇಣು ದೂರದ ಪರದೆಯನ್ನು ಸ್ಪಷ್ಟವಾಗಿ ಕಾಣಲು ಕಣ್ಣಿನೊಳಗಿನ ಸ್ನಾಯುಗಳು ಸತತವಾಗಿ ಬಿಗಿಹಿಡಿಯಬೇಕಾಗುತ್ತದೆ. ರೆಪ್ಪೆ ಬಡಿಯುವುದೂ ಕಡಿಮೆಯಾಗಿ ಕಣ್ಣು ಒಣಗುತ್ತದೆ. ಮೊಬೈಲನ್ನು ಒಂದು ಮೊಳ ದೂರದಲ್ಲಿ ಹಿಡಿಯಬೇಕು. 20 ನಿಮಿಷಕ್ಕೊಮ್ಮೆ 20 ಅಡಿಯಾಚೆಯ ವಸ್ತುವನ್ನು 20 ಸೆಕೆಂಡು ನೋಡಬೇಕು. 2ರಿಂದ 4 ವರ್ಷದ ಮಕ್ಕಳು ದಿನಕ್ಕೆ 1 ಗಂಟೆಗಿಂತ ಹೆಚ್ಚು ಕಾಲ ಪರದೆಯ ಮುಂದೆ ಕೂರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ತಿಳಿಸಿದೆ. ಮಕ್ಕಳು ನಿತ್ಯವೂ ಬಯಲಿನ ಬೆಳಕಿನಲ್ಲಿ ಆಡುವುದು ಸಮೀಪದೃಷ್ಟಿದೋಷವನ್ನು ತಡೆಯಲು ನೆರವಾಗುತ್ತದೆ.

ಎಷ್ಟು ಹೇಳಿದರೂ ಮಗುವು ಟಿ.ವಿ.ಯ ಬಳಿಗೇ ಸರಿಯುತ್ತಿದ್ದರೆ ಅದನ್ನು ಹಟವೆಂದು ಬಗೆಯಬೇಡಿ. ಹತ್ತಿರ ಕೂರುವುದರಿಂದ ದೃಷ್ಟಿ ಮಂದವಾಯಿತೆಂದು ನಾವು ತಿಳಿಯುತ್ತೇವೆ. ಅನೇಕ ವೇಳೆ ದೃಷ್ಟಿ ಮಂದವಾಗಿರುವುದರಿಂದಲೇ ಮಗು ಹತ್ತಿರ ಕೂರುತ್ತದೆ. ಅಂತಹ ಮಗುವಿಗೆ ಶಾಲೆಯ ಕಪ್ಪುಹಲಗೆಯೂ ಕಾಣುತ್ತಿರಲಾರದು. ದಡ್ಡನೆಂಬ ಹೆಸರು ಮಾತ್ರ ಬಂದೀತು. ಗದರಿಸುವ ಮೊದಲು ಮಗುವನ್ನು ನೇತ್ರತಜ್ಞರಲ್ಲಿಗೆ ಕರೆದೊಯ್ಯಿರಿ. ಕಾಲಕ್ಕೆ ಸರಿಯಾಗಿ ದೊರೆತ ಒಂದು ಕನ್ನಡಕವು ಮಗುವಿನ ವಿದ್ಯೆಯನ್ನೇ ಉಳಿಸಬಲ್ಲದು.