‘ಒಂದಕ್ಕೆ’ ಅಂದರೆ ಅವರಿಗೂ ತಿಳಿಯಲಿ

ಮಗಳೇ, ಅಮ್ಮನನ್ನು ಹೋಮ್‌ಗೆ ಸೇರಿಸುವ ಮಾತು ಎತ್ತಿದಾಗ ನೀನು ತಲೆ ತಗ್ಗಿಸಿಬಿಟ್ಟೆ. ತಗ್ಗಿಸಬೇಡ. ಸೊಂಟದ ಮೂಳೆ ಮುರಿದವರನ್ನು ಓಲ್ಡ್ ರಾಜಿಂದರ್ ನಗರದ ಈ ಲಿಫ್ಟಿಲ್ಲದ ಮೂರನೇ ಮಹಡಿಯಲ್ಲಿ ಇಟ್ಟುಕೊಂಡು, ಬೆಳಿಗ್ಗೆ ಎಂಟಕ್ಕೆ ಮೆಟ್ರೋ ಹಿಡಿಯುವ ನೀನೊಬ್ಬಳೇ ಎಷ್ಟು ದಿನ ಎತ್ತಿ ಕೂರಿಸುತ್ತೀಯ? ಗಂಗಾರಾಂ ಆಸ್ಪತ್ರೆ ಪಕ್ಕದಲ್ಲೇ ಇದೆ, ನಿಜ. ಆದರೆ ಆಸ್ಪತ್ರೆಯವರು ಮೂಳೆ ಕೂಡಿಸಿ ಮನೆಗೆ ಕಳಿಸುತ್ತಾರೆ. ಆಮೇಲಿನ ಆರೈಕೆ ನಮ್ಮದೇ.

ನೀನು ನೋಡಿಬಂದ ಹೋಮ್‌ನಲ್ಲಿ ಆಕ್ಸಿಜನ್, ಫಿಸಿಯೋಥೆರಪಿ, ಊಟ ಎಲ್ಲ ವಿಚಾರಿಸಿದೆ. ಅಲ್ಲಿ ಕನ್ನಡ ಯಾರಿಗೆ ಬರುತ್ತದೆ ಅಂತ ಕೇಳಿದೆಯಾ?

ನನ್ನ ಗೆಳತಿಯೊಬ್ಬಳು ಹಾಸನದವಳು. ನಲವತ್ತು ವರ್ಷ ದೆಹಲಿಯಲ್ಲಿ ನೌಕರಿ ಮಾಡಿ, ಕರೋಲ್ ಬಾಗ್‌ನ ಅಂಗಡಿಯವರ ಹತ್ತಿರ ಹಿಂದಿಯಲ್ಲೇ ಚೌಕಾಸಿ ಮಾಡುತ್ತಿದ್ದವಳು. ಮರೆವಿನ ಕಾಯಿಲೆ ಬಂದಾಗ ಮೊದಲು ಹೋದದ್ದು ಹಿಂದಿ. ಆಮೇಲೆ ಕಲಿತ ಭಾಷೆ ಜಾರಿ, ತಾಯಿನುಡಿಯೊಂದೇ ಉಳಿಯುವುದು ಎಷ್ಟೋ ಜನರಲ್ಲಿ ಕಾಣುತ್ತದೆ. ಹೋಮ್‌ನಲ್ಲಿ ಅವಳು “ಒಂದಕ್ಕೆ, ಒಂದಕ್ಕೆ” ಅನ್ನುತ್ತಿದ್ದಳು. ನೋಡಿಕೊಳ್ಳುವ ಜಾರ್ಖಂಡಿನ ಹುಡುಗಿ ಒಳ್ಳೆಯವಳೇ. ದಿಂಬು ಸರಿಮಾಡಿದಳು, ನೀರು ಕುಡಿಸಿದಳು. ಹಾಸಿಗೆ ಒದ್ದೆಯಾಯಿತು. ಎರಡು ಸಲ ಹಾಗಾದ ಮೇಲೆ ಡೈಪರ್ ಹಾಕಿದರು. ಮೂತ್ರದ ಹಿಡಿತ ತಪ್ಪಿದೆ ಎಂದು ಫೈಲಿನಲ್ಲೂ ಬರೆದರು. ಹಿಡಿತ ತಪ್ಪಿರಲಿಲ್ಲ, ಮಗಳೇ. ಅವಳ ಮಾತು ಅಲ್ಲಿ ಯಾರಿಗೂ ಅರ್ಥವಾಗಿರಲಿಲ್ಲ, ಅಷ್ಟೇ.

ನಾನು ಒಂದು ರಟ್ಟಿನ ಮೇಲೆ ನಾಗರಿ ಅಕ್ಷರದಲ್ಲಿ ದಪ್ಪಗೆ ಬರೆದು ಮಂಚದ ತಲೆಗೆ ಕಟ್ಟಿದೆ: ನೀರು ಅಂದರೆ ಪಾನಿ, ನೋವು ಅಂದರೆ ದರ್ದ್, ಸಾಕು ಅಂದರೆ ಬಸ್, ಒಂದಕ್ಕೆ ಅಂದರೆ ಬಾತ್‌ರೂಮ್. ಆ ಹುಡುಗಿ ಎರಡೇ ದಿನದಲ್ಲಿ ಕಲಿತಳು. ಹಗಲಿನ ಡೈಪರ್ ತಪ್ಪಿತು.

ನಮ್ಮ ಗಲ್ಲಿಯಲ್ಲಿ ಎಲ್ಲರೂ ಬೀಜಿ ಅನ್ನುವ ಆ ಅಜ್ಜಿಯನ್ನೇ ನೋಡು. ಈ ಬಡಾವಣೆಯೇ 1947ರ ದೇಶವಿಭಜನೆಯಲ್ಲಿ ಎಲ್ಲ ಬಿಟ್ಟು ಬಂದವರದು. ಬೀಜಿಗೆ ಈಗ ಬರುವುದು ಮುಲ್ತಾನದ ಮಾತೊಂದೇ. ಸೊಸೆ ಅಷ್ಟನ್ನೂ ಕಲಿತು ಅದರಲ್ಲೇ ಉಣ್ಣಿಸುತ್ತಾಳೆ.

ಯುಪಿಎಸ್‌ಸಿಗೆ ಓದುವ ನಮ್ಮ ಕಡೆಯ ಮಕ್ಕಳು ಇಲ್ಲಿ ಪ್ರತಿ ಪಿಜಿಯಲ್ಲೂ ಸಿಗುತ್ತಾರೆ, ಕನ್ನಡ ಸಾಹಿತ್ಯವನ್ನೇ ಐಚ್ಛಿಕವಾಗಿ ತಗೊಂಡವರೂ ಇದ್ದಾರೆ. ವಾರಕ್ಕೊಮ್ಮೆ ಅಮ್ಮನ ಹತ್ತಿರ ಅರ್ಧ ಗಂಟೆ ಕೂತು ಬಾ ಅಂತ ಒಬ್ಬರನ್ನು ಕೇಳು. ಅಜ್ಜಿಯನ್ನು ಊರಲ್ಲಿ ಬಿಟ್ಟು ಬಂದ ಮಕ್ಕಳು, ಒಲ್ಲೆ ಅನ್ನುವುದಿಲ್ಲ. ನೀನೂ ಹೇಳದೇ ಕೇಳದೇ ರಾತ್ರಿ ಊಟದ ಹೊತ್ತಿಗೆ ಹೋಗು. ಕಿವಿ ಮೆಷಿನ್ನಿನ ಬ್ಯಾಟರಿ ನೋಡು. ಅದು ಸತ್ತರೆ ಯಾವ ಭಾಷೆಯೂ ಒಳಗೆ ಹೋಗುವುದಿಲ್ಲ.

ಖರ್ಚಿಗೆಂದು ಧಾರವಾಡದ ಮನೆ ಮಾರುವ ಅವಸರ ಬೇಡ, ಅಣ್ಣ ಎಷ್ಟೇ ಒತ್ತಾಯ ಮಾಡಲಿ. ಅಮ್ಮ ಯಾರ ಹೆಸರಿಗಾದರೂ ಬರೆದುಕೊಡುವುದಾದರೆ, ಕೊನೆತನಕ ನೋಡಿಕೊಳ್ಳಬೇಕು ಎಂಬ ಕರಾರು ಪತ್ರದಲ್ಲೇ ಇರಲಿ. ನೋಡಿಕೊಳ್ಳದಿದ್ದರೆ ಆ ಪತ್ರ ರದ್ದು ಮಾಡಿಸಲು 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ದಾರಿ ಇದೆ. ಯಾರನ್ನು ಕೇಳುವುದು ಅಂತ ತೋಚದಿದ್ದರೆ 14567ಕ್ಕೆ ಫೋನ್ ಮಾಡು, ಹಿರಿಯರ ಸಹಾಯವಾಣಿ ಅದು.

ಗೆಳತಿಯ ರಟ್ಟು ನನ್ನ ಹತ್ತಿರವೇ ಇದೆ. ಆದರೆ ನಿಮ್ಮಮ್ಮ ‘ಒಂದಕ್ಕೆ’ ಅನ್ನುವುದಿಲ್ಲ, ‘ಕಾಲ್ಮಡೀಬೇಕು’ ಅಂತಾರೆ. ಭಾನುವಾರ ಬಾ, ಅವರ ಮಾತಿನಲ್ಲೇ ಹೊಸದೊಂದು ಬರೆಯೋಣ.